ನಮ್ಮದೇ ಮರ, ನಮ್ಮದೇ ಗೂಡು: ಇದ್ದಿಲು ಸುಟ್ಟ ಆರು ತಿಂಗಳು

ಇದ್ದಿಲಿನ ಲಾರಿ ನಮ್ಮ ಅಂಗಳ ಬಿಟ್ಟು ಹದಿನೈದು ದಿನ ಆಯ್ತು. ಉಗುರಿನ ಸಂದಿಯ ಕಪ್ಪು ಇನ್ನೂ ಪೂರ್ತಿ ಹೋಗಿಲ್ಲ. ಎಲ್ಲ ನೆನಪಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಕಡೆ ತುಂಬಾ ಮನೆಗಳಲ್ಲಿ ಒಂದೇ ಮಾತು: ಬ್ಯಾಣದ (ತೋಟದ ಪಕ್ಕದ ಹುಲ್ಲುಜಾಗದ) ಅಕೇಶಿಯಾ ಕಡಿದು ಇದ್ದಿಲು ಸುಟ್ಟರೆ ಹೇಗೆ? ನಾವು ಸುಟ್ಟು ನೋಡಿದೆವು. ನವೆಂಬರಿನಲ್ಲಿ ಹಿಡಿದ ಕೆಲಸ ಮುಗಿದಿದ್ದು ಏಪ್ರಿಲ್ ಕೊನೆಗೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಹಳ್ಳಿ. ಒಂದೂಕಾಲು ಎಕರೆ ತೋಟ, ಅದರ ಮೇಲೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಪಕ್ಕದ ಬ್ಯಾಣದಲ್ಲಿ ಮಾವ ಇಪ್ಪತ್ತೈದು ವರ್ಷದ ಹಿಂದೆ ಹಾಕಿದ್ದ ಅಕೇಶಿಯಾ. ಎರಡು ವರ್ಷದಿಂದ ಫಸಲು ಅರ್ಧಕ್ಕಿಳಿದಿದೆ. ಸೊಸೈಟಿ ಸಾಲದ ಕಂತು, ಮಗಳ ಹಾಸ್ಟೆಲ್ ಫೀಸು ಎರಡೂ ಒಟ್ಟಿಗೇ ಬಂದವು. ಸೌದೆ ವ್ಯಾಪಾರಿಯೊಬ್ಬರು ನಿಂತ ಮರಕ್ಕೇ 30,000 ರೂಪಾಯಿ ಹೇಳಿದ್ದರು. ಕಡಿಯೋದು, ಸಾಗಿಸೋದು ಎಲ್ಲ ಅವರದ್ದೇ. ಆದರೆ ಇದ್ದಿಲು ಮಾಡಿದರೆ ದುಪ್ಪಟ್ಟು ಸಿಗುತ್ತೆ ಅಂತ ಹೇಳುವವರು ಸಿಕ್ಕಿದರು. ನಮಗೂ ಹೌದು ಅನ್ನಿಸಿತು.

ಮೊದಲು ಕಾಗದದ ಕಥೆ. ದೀಪಾವಳಿ ಕಳೆದ ವಾರವೇ ನಮ್ಮನೆಯವರು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋದರು. ನಮ್ಮನ್ನು ಕೇಳಿದ್ದು ಪಹಣಿ, ಮ್ಯುಟೇಶನ್ ಪ್ರತಿ, ಆಧಾರ್, ಜಾಗದ ನಕ್ಷೆ, ಮರಗಳ ಪಟ್ಟಿ. ಪಹಣಿ ನೋಡಿದರೆ ಇನ್ನೂ ಮಾವನ ಹೆಸರಿನಲ್ಲಿದೆ. ಅವರು ಹೋಗಿ ಆರು ವರ್ಷ ಆಯ್ತು. ಪೌತಿ ಖಾತೆ ಮಾಡಿಸುವುದನ್ನು ನಾಳೆ ನಾಡಿದ್ದು ಅಂತ ಮುಂದೂಡುತ್ತಾ ಬಂದಿದ್ದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಕೊಟ್ಟು ಖಾತೆ ಅತ್ತೆ, ನಮ್ಮನೆಯವರು, ನಾದಿನಿ ಮೂವರ ಹೆಸರಿಗೆ ಬಂತು. ಹಾಗೆ ಬಂದ ಮೇಲೆ ನಾದಿನಿಯ ಒಪ್ಪಿಗೆ ಪತ್ರವೂ ಬೇಕಾಯಿತು. ಅವರಿರುವುದು ಮಂಗಳೂರಿನಲ್ಲಿ. ಆಗುಂಬೆ ಘಾಟಿ ಇಳಿದು ಹೋಗಿ ಸಹಿ ಹಾಕಿಸಿಕೊಂಡು ಬರಲು ಎರಡು ದಿನ.

ಅದರ ಜೊತೆಗೆ ಹದ್ದುಬಸ್ತಿಗೂ, ಅಂದರೆ ಅಳೆದು ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿದ್ದೆವು. ಅಳತೆಯ ದಿನ ಎರಡು ಸಲ ಮುಂದೆ ಹೋಯಿತು. ಎರಡು ಸಲವೂ ನಾವು ಕತ್ತಿ ಹಿಡಿದು ಗಡಿಯ ಪೊದೆ ಸವರಿ, ಕಾಫಿಗೆ ನೀರಿಟ್ಟು ಕಾದು ಕೂತಿದ್ದೇ ಬಂತು. ಕೊನೆಗೆ ಸರ್ವೇಯರ್ ಬಂದು ಅಳೆದು ಕಲ್ಲಿನ ಜಾಗ ತೋರಿಸಿದಾಗ ನನ್ನ ಕೈಕಾಲು ತಣ್ಣಗಾಯಿತು. ಮಾವ ಹಾಕಿದ ಮರಗಳಲ್ಲಿ ಮೂರನೇ ಒಂದು ಭಾಗ ನಮ್ಮ ಹೆಸರಿನ ಹಿಡುವಳಿಯಲ್ಲೇ ಇಲ್ಲ, ಸೊಪ್ಪಿನಬೆಟ್ಟದಲ್ಲಿದೆ. ಬೇಲಿ ನಮ್ಮದು, ಗಿಡ ನೆಟ್ಟವರು ನಮ್ಮವರು, ಆದರೂ ಮಾರಲು ನಮ್ಮದಲ್ಲ. 1964ರ ಭೂಕಂದಾಯ ಕಾಯ್ದೆಯಲ್ಲಿ ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟಗಳ ಬಗ್ಗೆ ನಮಗಿರುವುದು ಸವಲತ್ತು ಮಾತ್ರ. ತೋಟಕ್ಕೆ ಸೊಪ್ಪು, ದರಗು (ಒಣಗಿ ಬಿದ್ದ ಎಲೆ), ಮನೆ ಬಳಕೆಗೆ ಸೌದೆ ತರಬಹುದು. ಅಲ್ಲಿಯ ಮರ ಸುಟ್ಟು ದುಡ್ಡು ಮಾಡುವಂತಿಲ್ಲ. ಅಳತೆಗೆ ಮುಂಚೆ ಕೊಡಲಿ ಹಾಕಿದ್ದರೆ ನಮ್ಮ ಮೇಲೆ ಕೇಸು ಬೀಳುತ್ತಿತ್ತು.

ಹಾಗಾಗಿ ನೀವು ಇದಕ್ಕೆ ಇಳಿಯುವುದಾದರೆ ಮೊದಲ ಕೆಲಸ ಪಹಣಿ ಯಾರ ಹೆಸರಲ್ಲಿದೆ ನೋಡುವುದು, ಎರಡನೆಯದು ಗಡಿ ಗುರುತಿಸಿಕೊಳ್ಳುವುದು. ಬಗರ್ ಹುಕುಂ (ಮಂಜೂರಾಗದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ) ಜಾಗವಾದರೆ ಅಲ್ಲಿಗೇ ನಿಲ್ಲಿಸಿ. ನಮಗೆ ಖಾತೆ, ಅಳತೆ ಎರಡಕ್ಕೂ ಸೇರಿ ಎಪ್ಪತ್ತು ದಿನ ಹಿಡಿಯಿತು. ಇಲಾಖೆಯವರು ಸ್ಥಳ ನೋಡಿ, ಮರ ಎಣಿಸಿ, ಒಪ್ಪಿಗೆ ಕೈಗೆ ಬರುವಾಗ ಜನವರಿ ಮುಗಿದಿತ್ತು. ಓಡಾಟ, ಜೆರಾಕ್ಸ್, ಶುಲ್ಕ, ಕೆಲಸ ಬಿಟ್ಟ ದಿನದ ಆಳು, ಆಮೇಲಿನ ಸಾಗಾಟದ ಓಡಾಟ ಎಲ್ಲ ಸೇರಿ ಕಾಗದಕ್ಕೇ 9,500 ರೂಪಾಯಿ ಹೋಯಿತು.

ಇದ್ದಿಲು ಸುಡುವುದು ನಮಗೆ ಬರುತ್ತಿರಲಿಲ್ಲ. ಊರಲ್ಲೂ ಈಗ ಬಲ್ಲವರಿಲ್ಲ. ಅತ್ತೆ ಚಿಕ್ಕವರಿದ್ದಾಗ ಕಾನಿನ ಅಂಚಿನಲ್ಲಿ ಇದ್ದಿಲು ಸುಡುವ ಮಣ್ಣಿನ ಗೂಡುಗಳು ಸಾಲಾಗಿ ಹೊಗೆಯಾಡುತ್ತಿದ್ದವಂತೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಉರಿಯಲು ಶುರುವಾಗಿದ್ದೇ ಮಲೆನಾಡಿನ ಮರದ ಇದ್ದಿಲಿನಿಂದ. ಅತ್ತೆಯ ಅಜ್ಜ ಆ ಇದ್ದಿಲಿನ ಗಾಡಿ ಹೊಡೆದವರು. ಆಗ ಕಡಿದ ಕಾನು ಮತ್ತೆ ಹಾಗೆ ಕಟ್ಟಿಕೊಳ್ಳಲಿಲ್ಲ, ಅಲ್ಲಿಂದ ಇಳಿಯುವ ಹಳ್ಳ ಶಿವರಾತ್ರಿಗೇ ಬತ್ತುತ್ತದೆ ಅಂತ ಅತ್ತೆ ಹೇಳುತ್ತಿರುತ್ತಾರೆ.

ಕೊನೆಗೆ ಬಯಲುಸೀಮೆ ಕಡೆಯಿಂದ ಗಂಡ ಹೆಂಡತಿ ಇಬ್ಬರು ಬಂದರು. ಅಲ್ಲಿ ಬಳ್ಳಾರಿ ಜಾಲಿ ಸುಟ್ಟು ಪಳಗಿದವರು. ಒಂದು ಕಿಲೋ ಇದ್ದಿಲಿಗೆ 6 ರೂಪಾಯಿ ಅಂತ ಮಾತಾಯಿತು. ಜೊತೆಗೆ ಒಂಬತ್ತು ವರ್ಷದ ಮಗಳು. ನಾಲ್ಕನೇ ಕ್ಲಾಸು ನಡುವೆ ಬಿಡಿಸಿ ಕರೆದುಕೊಂಡು ಬಂದಿದ್ದರು. "ಊರಲ್ಲಿ ಬಿಡೋಕೆ ಯಾರಿಲ್ಲಕ್ಕ" ಅಂದರು ಅವಳ ಅಮ್ಮ. ಮೊದಲ ವಾರ ಆ ಹುಡುಗಿ ಕಡಿದ ತುಂಡುಗಳನ್ನು ಒಂದೊಂದಾಗಿ ಹೊತ್ತು ಗೂಡಿನ ಹತ್ತಿರ ಹಾಕುತ್ತಿದ್ದಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ. ಅದನ್ನು ನೋಡುತ್ತಾ ನಾನು ಸುಮ್ನೆ ಇದ್ದೆ. ಏಳು ದಿನ ಸುಮ್ಮನಿದ್ದೆ ಅನ್ನುವುದು ಈಗಲೂ ನನ್ನನ್ನು ಚುಚ್ಚುತ್ತದೆ. ಎಂಟನೇ ದಿನ ಊರ ಶಾಲೆಗೆ ಕರೆದುಕೊಂಡು ಹೋದೆ. ಟೀಚರ್ ಒಂದು ಮಾತೂ ಕೇಳದೆ ಕೂರಿಸಿಕೊಂಡರು. ಮಧ್ಯಾಹ್ನದ ಊಟ, ಹಾಲು ಎಲ್ಲ ಸಿಕ್ಕಿತು. ಹೊರಗಿನಿಂದ ಕೆಲಸಕ್ಕೆ ಕರೆಸುವವರು ಮಕ್ಕಳ ವಿಷಯ ಮೊದಲ ದಿನವೇ ಕೇಳಿ, ಶಾಲೆಗೆ ಮಾತಾಡಿಟ್ಟುಕೊಳ್ಳಿ.

ಆ ಹುಡುಗಿಯ ಅಮ್ಮ, ನಾವು ಅಕ್ಕ ಅನ್ನುತ್ತಿದ್ದವರು, ಸಂಜೆ ಜಗುಲಿಯಲ್ಲಿ ಕೂತಾಗ ಇನ್ನೊಂದು ವಿಷಯ ಹೇಳಿದರು. ಹಿಂದಿನ ಹಂಗಾಮಿನಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ 40,000 ಮುಂಗಡ ತೆಗೆದುಕೊಂಡಿದ್ದರಂತೆ. ನಾಲ್ಕು ತಿಂಗಳು ಸುಟ್ಟರೂ ಲೆಕ್ಕದಲ್ಲಿ ಸಾಲ ತೀರಿರಲಿಲ್ಲ. ಇಲ್ಲಿದ್ದಾಗಲೂ ಫೋನ್ ಬರುತ್ತಲೇ ಇತ್ತು. ಅವರ ಗಂಡ, ನಾವು ಅಣ್ಣ ಅನ್ನುತ್ತಿದ್ದವರು, ಫೋನ್ ಹಿಡಿದು ತೋಟದ ಕಡೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿ ಬರುತ್ತಿದ್ದರು. ಸಾಲ ತೋರಿಸಿ ಬಿಟ್ಟು ಹೋಗದಂತೆ ದುಡಿಸಿಕೊಳ್ಳುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿದೆ ಅಂತ ನಮ್ಮನೆಯವರು ಅವರಿಗೆ ತಿಳಿಸಿ ಹೇಳಿದರು. ನಾವು ಪ್ರತಿ ಗೂಡು ಬಿಚ್ಚಿದ ದಿನವೇ ತೂಕ ಮಾಡಿ, ಅವರದ್ದೇ ಪುಸ್ತಕದಲ್ಲಿ ಬರೆಸಿ ದುಡ್ಡು ಕೊಟ್ಟೆವು.

ಗೂಡು ಕಟ್ಟುವುದು ನೋಡಿದಷ್ಟು ಸುಲಭ ಅಲ್ಲ. ಸಮತಟ್ಟು ಜಾಗದಲ್ಲಿ ನಡುವೆ ಒಂದು ಗೂಟ. ಅದರ ಸುತ್ತ ಮೂರಡಿ ತುಂಡುಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು. ದಪ್ಪದ್ದು ನಡುವಿಗೆ, ಸಣ್ಣದು ಅಂಚಿಗೆ. ಸಂದಿಗೆ ಚಕ್ಕೆ, ಕಡ್ಡಿ. ಮೇಲೆ ಹಸಿ ಸೊಪ್ಪು, ದರಗು, ಅದರ ಮೇಲೆ ಒಂದು ಗೇಣು ಮಣ್ಣು. ಬುಡದಲ್ಲಿ ಸುತ್ತಲೂ ಕೈ ಹೋಗುವಷ್ಟು ತೂತು. ಬೆಂಕಿ ಹಾಕುವುದು ಮೇಲಿನಿಂದ. ಮರ ಉರಿಯಬಾರದು, ಬೇಯಬೇಕು. ಗಾಳಿ ಜಾಸ್ತಿಯಾದರೆ ಬೂದಿ, ಕಡಿಮೆಯಾದರೆ ಕೊಳ್ಳಿ ಆರಿ ಅರೆಬೆಂದ ತುಂಡು.

ಮೊದಲ ಗೂಡಿಗೆ ಸುಮಾರು 8 ಟನ್ ಮರ. ಕಡಿದು ಮೂರು ವಾರ ಒಣಗಿತ್ತು. ಶಿವರಾತ್ರಿ ಕಳೆದು ಬೆಂಕಿ ಹಾಕಿದೆವು. ಎಂಟು ಹಗಲು, ಎಂಟು ರಾತ್ರಿ ಸರದಿಯಲ್ಲಿ ಕಾಯುವುದು. ಹೊಗೆ ಓದುವುದನ್ನು ಅಕ್ಕ ನನಗೆ ಕಲಿಸಿದರು. ಮೊದಲು ಬರುವುದು ಬೆಳ್ಳಗೆ ದಪ್ಪ ಹೊಗೆ, ಅದು ಮರದ ನೀರು. ಅಂಗೈ ಹಿಡಿದರೆ ಒದ್ದೆಯಾಗುತ್ತದೆ. ಮೂರು ನಾಲ್ಕು ದಿನಕ್ಕೆ ಹಳದಿಗೆ ತಿರುಗಿ ಹುಳಿ ಹುಳಿ ಘಾಟು ಬರುತ್ತದೆ, ಕಣ್ಣು ಬಿಡಲು ಆಗುವುದಿಲ್ಲ. ತೂತಿನ ಬಾಯಲ್ಲಿ ಜೇನಿನಂಥ ಕಪ್ಪು ಅಂಟು ಇಳಿಯುತ್ತದೆ. ಕೊನೆಗೆ ತೆಳ್ಳಗೆ ನೀಲಿ. ನೀಲಿ ಬಂದ ಕಡೆ ಬೆಂದಾಯಿತು ಅಂತ ಲೆಕ್ಕ, ತಕ್ಷಣ ಆ ತೂತು ಮುಚ್ಚಬೇಕು. ನಡುರಾತ್ರಿ ಟಾರ್ಚ್ ಬೆಳಕಿನಲ್ಲಿ ಬಿಳಿ ಯಾವುದು ನೀಲಿ ಯಾವುದು ಅಂತ ನನಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಅಕ್ಕ ಹತ್ತಿರ ಹೋಗಿ ಮೂಸಿ ಹೇಳುತ್ತಿದ್ದರು. ಹಾಗೆ ಮೂಸಿ ಮೂಸಿ ಮೂವತ್ತೈದಕ್ಕೇ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು.

ಎಲ್ಲ ತೂತು ಮುಚ್ಚಿದ ಮೇಲೆ ನಾಲ್ಕು ದಿನ ಆರಬೇಕು. ಬಿಚ್ಚಿದಾಗ ತುಂಡಿನ ಆಕಾರ ಹಾಗೇ ಇರುತ್ತದೆ, ವರ್ಷದ ಉಂಗುರಗಳೂ ಕಾಣುತ್ತವೆ. ಒಂದಕ್ಕೊಂದು ತಾಗಿಸಿದರೆ ಕಂಚಿನ ಸದ್ದು. ಆ ಸದ್ದು ಕೇಳಿ ನನಗೂ ಖುಷಿಯಾಯಿತು. 25 ಕಿಲೋದ 52 ಚೀಲ ಸಿಕ್ಕಿತು. ಅಂದರೆ ಆರು ಕಿಲೋ ಮರಕ್ಕೆ ಒಂದು ಕಿಲೋ ಇದ್ದಿಲು. ಮಣ್ಣಿನ ಗೂಡಿನಲ್ಲಿ ಇದೇ ಒಳ್ಳೆ ಇಳುವರಿ. ಬಿಚ್ಚಿದ ದಿನವೇ ಚೀಲ ಮಾಡಿ ಮನೆಯೊಳಗೆ ಇಡಬೇಡಿ. ಒಳಗೆಲ್ಲೋ ಕಿಡಿ ಉಳಿದಿದ್ದರೆ ಗಾಳಿ ತಾಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಒಂದು ದಿನವಾದರೂ ಬಯಲಿನಲ್ಲಿ ಹರಡಿ, ನೀರಿನ ಕೊಡ ಪಕ್ಕದಲ್ಲಿಟ್ಟು ಕಾಯಿರಿ.

ಈಗ ಅತ್ತೆಯ ವಿಷಯ. ಇದನ್ನು ಬರೆಯುವುದು ಕಷ್ಟ. ಗೂಡಿಗೆ ಜಾಗ ಆರಿಸುವಾಗ ನಾವು ನೋಡಿದ್ದು ನೀರು ಹತ್ತಿರ ಇದೆಯಾ, ಹೊರುವ ದೂರ ಕಡಿಮೆಯಾ ಅಂತ ಮಾತ್ರ. ಮನೆಗೆ ನಲವತ್ತು ಮೀಟರ್ ದೂರದ ಕಣದಲ್ಲಿ ಕಟ್ಟಿದೆವು. ನಮ್ಮದು ಗುಂಡಿಯಂಥ ಜಾಗ, ಮೂರು ಕಡೆ ಗುಡ್ಡ. ರಾತ್ರಿ ಗಾಳಿ ಬೀಸುವುದಿಲ್ಲ. ಬೆಳಗಿನ ಜಾವ ಎದ್ದರೆ ಹೊಗೆ ಮಾಡಿನ ಮಟ್ಟಕ್ಕೆ ಹಾಸಿಕೊಂಡು ಮಲಗಿರುತ್ತಿತ್ತು. ಹಾಲಿಗೂ ಹೊಗೆ ವಾಸನೆ. ಅತ್ತೆ ಮಲಗುವುದು ಜಗುಲಿಯಲ್ಲಿ. ನಾಲ್ಕನೇ ದಿನ ತಲೆನೋವು ಅಂದರು. ಆರನೇ ದಿನ ಕೆಮ್ಮು ನಿಲ್ಲಲಿಲ್ಲ. ಏಳನೇ ರಾತ್ರಿ ಎದ್ದು ಕೂತು, ಎರಡು ಕೈ ಮಂಡಿ ಮೇಲೆ ಊರಿ, ಉಸಿರು ಎಳೆಯಲು ಒದ್ದಾಡಿದರು. ಎದೆಯಲ್ಲಿ ಸಿಳ್ಳೆ ಹೊಡೆದಂತೆ ಸದ್ದು. ಜೀಪು ಹಿಡಿದು ಪೇಟೆ ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ.

ಕೊಳವೆ ಊದಿಸುವ ಪರೀಕ್ಷೆ ಮಾಡಿ ಡಾಕ್ಟರು ಸಿಒಪಿಡಿ ಅಂದರು, ಅಂದರೆ ಶ್ವಾಸನಾಳ ಕಟ್ಟಿಕೊಂಡು ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಬೀಡಿ ಸೇದಿದವರಲ್ಲ ನಮ್ಮ ಅತ್ತೆ. ಐವತ್ತು ವರ್ಷ ಒಲೆ ಊದಿದವರು. ಶ್ವಾಸಕೋಶ ಮೊದಲೇ ಸೋತಿತ್ತು, ಗೂಡಿನ ಹೊಗೆ ಅದನ್ನು ಕೆದಕಿತು ಅಂತ ವಿವರಿಸಿದರು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ತಲೆನೋವು ಬಂದರೆ ಅಲ್ಲಿಂದ ಏಳಬೇಕು ಅಂತಲೂ ಹೇಳಿದರು. ನಮ್ಮ ಮಲೆನಾಡಿನವರಿಗೆ ಇದನ್ನು ಒತ್ತಿ ಹೇಳಬೇಕು: ಮಳೆಗಾಲದ ಚಳಿಗೆ ಇದ್ದಿಲ ಬೆಂಕಿ ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಬೇಡಿ. ಹಾಗೆ ಮಲಗಿದವರು ಏಳದೇ ಹೋದದ್ದಿದೆ. ಆಸ್ಪತ್ರೆ, ಔಷಧಿ, ಇನ್ಹೇಲರ್ ಎಲ್ಲ ಸೇರಿ 11,300 ರೂಪಾಯಿ. ಇನ್ಹೇಲರ್ ಇನ್ನು ಬಿಡುವ ಹಾಗಿಲ್ಲ.

ಅದೇ ವಾರ ಕೆಳಗಿನ ಮನೆಯವರು ಬಂದರು. ಅವರ ಮನೆಯಲ್ಲಿ ಎಂಟು ತಿಂಗಳ ಮಗು. ಜಗಳ ಆಡಲಿಲ್ಲ. "ಅಕ್ಕಾ, ಮಗು ರಾತ್ರಿ ಇಡೀ ಕೆಮ್ಮುತ್ತೆ, ಇನ್ನೆಷ್ಟು ದಿನ ಆಗಬಹುದು?" ಅಂತ ಕೇಳಿದರು. ಜಗಳವಾಡಿದ್ದರೆ ಏನಾದರೂ ಉತ್ತರ ಹೇಳಬಹುದಿತ್ತು. ಅವರು ಮಗು ಕರೆದುಕೊಂಡು ತವರಿಗೆ ಹೋದರು.

ಆಗಲೇ ನಿಲ್ಲಿಸಬೇಕಿತ್ತು. ಆದರೆ ಮರ ಕಡಿದಾಗಿತ್ತು, ಇದ್ದಿಲು ಕೊಳ್ಳುವ ವ್ಯಾಪಾರಿ ಒಂದೇ ಲೋಡಿಗೆ ಸಾಕಾಗುವಷ್ಟು ಬೇಕು ಅಂದಿದ್ದರು. ಎರಡನೇ ಗೂಡು ಕಣದಲ್ಲಿ ಬೇಡ ಅಂತ ತೋಟದ ಆಚೆ ಕಟ್ಟಿದೆವು. ಅವಸರಕ್ಕೆ ಇನ್ನೂ ಸರಿಯಾಗಿ ಒಣಗದ ಹಸಿ ಮರ 7 ಟನ್ ಹಾಕಿದೆವು. ಐದನೇ ರಾತ್ರಿ ಒಂದು ಪಕ್ಕ ಕುಸಿದು ಜ್ವಾಲೆ ಎದ್ದಿತು. ಮಣ್ಣು ಹಾಕಲು ಅಣ್ಣ ಮೇಲೆ ಹತ್ತಿದರು. ಕಾಲು ಮೊಣಕಾಲವರೆಗೆ ಒಳಗೆ ಹೋಯಿತು. ಅಕ್ಕ ಸೊಂಟ ಹಿಡಿದು ಎಳೆದುಕೊಂಡರು. ಬೂಟು ಇದ್ದದ್ದಕ್ಕೆ ಪಾದ ಉಳಿಯಿತು, ಮೀನಖಂಡ ಬೊಬ್ಬೆ ಬಂತು. ಗೂಡಿನ ಮೇಲೆ ಯಾರೂ ಕಾಲಿಡಬಾರದು. ಉದ್ದ ಹಿಡಿಯ ಸಲಿಕೆ ಎರಡು ಇಟ್ಟುಕೊಳ್ಳಿ, ಏಣಿ ಅಡ್ಡ ಹಾಕಿ. ಆ ಗೂಡಿನಿಂದ ಸಿಕ್ಕಿದ್ದು 26 ಚೀಲ. ಉಳಿದದ್ದೆಲ್ಲ ಬೂದಿ. ಹಸಿ ಮರ ಕಡಿಮೆ ಅಂದರೂ ಒಂದೂವರೆ ತಿಂಗಳು ಒಣಗಲಿ.

ಆ ನಷ್ಟದ ಮರುದಿನವೇ ಊರಿನ ಪರಿಚಯದವರೊಬ್ಬರು ಬಂದು ಮೆಲ್ಲಗೆ ಒಂದು ದಾರಿ ಹೇಳಿದರು. ರಾತ್ರಿ ಒಂದು ಪಿಕಪ್ ಮತ್ತಿ, ಜಂಬೆಯಂಥ ಕಾಡುಮರ ತಂದು ಹಾಕುತ್ತಾರಂತೆ. ಗಟ್ಟಿ ಮರ, ಇದ್ದಿಲು ತೂಕ ಬರುತ್ತದೆ. "ಗೂಡಿನೊಳಗೆ ಹೋದ ಮೇಲೆ ಯಾವ ಮರ ಅಂತ ಯಾರಿಗೆ ಗೊತ್ತಾಗುತ್ತೆ? ನಿಮ್ಮ ಹತ್ತಿರ ಕಾಗದ ಇದೆಯಲ್ಲ." ಆ ಮಾತು ಕೇಳಿದ ಮೇಲೆ ನನಗೆ ಇದ್ದಿಲಿನ ಭಯ ಏನು ಅಂತ ಅರ್ಥವಾಯಿತು. ನಾಟಾ (ಮರದ ದಿಮ್ಮಿ) ಆದರೆ ನೋಡಿದ ಕೂಡಲೇ ಜಾತಿ ಗೊತ್ತಾಗುತ್ತದೆ. ಇದ್ದಿಲು ಎಲ್ಲವೂ ಕಪ್ಪು. ನಮ್ಮ ಹಿಡುವಳಿಯ ಒಂದು ಒಪ್ಪಿಗೆ ಪತ್ರ ಇಡೀ ಕಾನನ್ನು ಚೀಲದಲ್ಲಿ ಕಳಿಸಬಲ್ಲದು. ಮತ್ತಿ ಬೆಳೆಯಲು ಎಷ್ಟು ತಲೆಮಾರು ಬೇಕು ಅಂತ ಇಲ್ಲಿಯ ಎಲ್ಲರಿಗೂ ಗೊತ್ತು. ನಾವು ಆಗಲ್ಲ ಅಂದೆವು. ಅವರಿಗೂ ಸಾಲವಿದೆ, ಅವರ ತೋಟವೂ ಹಳದಿಯಾಗಿದೆ. ಅದು ಗೊತ್ತಿದ್ದೂ ಆಗಲ್ಲ ಅಂದೆವು. ಆಮೇಲೆ ಅವರು ನಮ್ಮ ಮನೆಗೆ ಬಂದಿಲ್ಲ.

ದರಗಿನ ವಿಷಯವೂ ಇದೆ. ಗೂಡಿಗೆ ಹೊದಿಸಲು ಬೆಟ್ಟದ ದರಗು ಗುಡಿಸಿ ತರುತ್ತಿದ್ದೆವು. ಹಾಗೆ ಗುಡಿಸಿದ ಕಡೆ ಮಣ್ಣು ಬರಿದಾಗಿ ನಿಂತಿದೆ, ಮಳೆಗಾಲದ ಜೋರು ಮಳೆಗೆ ಏನಾಗುತ್ತೋ ಅಂತ ಚಿಂತೆ. ಇನ್ನೊಂದು, ಇದ್ದಿಲು ಸುಡುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಕಾಯಿಲೆ, 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಎಷ್ಟು ಜೀವ ತೆಗೆಯಿತು ನೋಡಿದ್ದೇವೆ. ಅದನ್ನು ಹರಡುವ ಉಣುಗು (ಉಣ್ಣೆ) ಇರುವುದೇ ದರಗಿನಲ್ಲಿ. ಆಶಾ ಕಾರ್ಯಕರ್ತೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ತಂದುಕೊಟ್ಟರು. ಬಯಲುಸೀಮೆಯವರಿಗೆ ಈ ಕಾಯಿಲೆಯ ಹೆಸರೇ ಗೊತ್ತಿರಲಿಲ್ಲ. ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಒಂದು ದಿನವೂ ಕಾಯಬೇಡಿ.

ಮೂರನೇ ಗೂಡನ್ನು ಮುನ್ನೂರು ಮೀಟರ್ ಮೇಲೆ, ಗಾಳಿ ಆಡುವ ದಿಬ್ಬದ ಮೇಲೆ ಕಟ್ಟಿದೆವು. ಸುತ್ತ ಹತ್ತಡಿ ಬೆಂಕಿರೇಖೆ ಕೆರೆದೆವು. ಮರ ಏರಿಸಲು, ಚೀಲ ಇಳಿಸಲು ಟ್ರ್ಯಾಕ್ಟರಿಗೆ 5,000. ಆದರೆ ಆ ಗೂಡು ಬೇಯುವಾಗ ಮನೆಯಲ್ಲಿ ಯಾರೂ ಕೆಮ್ಮಲಿಲ್ಲ. ಮೊದಲೇ ಅಲ್ಲಿ ಕಟ್ಟಿದ್ದರೆ ಅನ್ನುವ ಯೋಚನೆ ನನ್ನನ್ನು ಬಿಟ್ಟಿಲ್ಲ. ಮರ ಚೆನ್ನಾಗಿ ಒಣಗಿತ್ತು. 58 ಚೀಲ ಬಂತು.

ಇಷ್ಟಾದ ಮೇಲೆ ಲಾರಿ ಬಂದರೆ ಆಯ್ತು ಅಂದುಕೊಂಡಿದ್ದೆವು. ಮರ ಕಡಿಯಲು ಸಿಕ್ಕಿದ ಒಪ್ಪಿಗೆಯಲ್ಲಿ ಇದ್ದಿಲು ಸಾಗಿಸುವಂತಿಲ್ಲ ಅಂತ ಆಗ ಗೊತ್ತಾಯಿತು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಇದ್ದಿಲಿನ ಹೆಸರಿದೆ, ನಮ್ಮ ಹಿತ್ತಲ ಮರದ್ದಾದರೂ ಅಷ್ಟೇ. ಸಾಗಾಟದ ರಹದಾರಿಗೆ ಮತ್ತೆ ಅರ್ಜಿ, ಮತ್ತೆ ಚೀಲ ಎಣಿಕೆ, ಹನ್ನೊಂದು ದಿನ. ಟಾರ್ಪಾಲು ಹೊದಿಸಿ ಕಾದೆವು. ಎರಡು ಸಂಜೆ ಗುಡುಗಿತು. ನೆನೆದ ಇದ್ದಿಲು ಪುಡಿಯಾಗುತ್ತದೆ, ಕೊಳ್ಳುವವರು ದರ ಮುರಿಯುತ್ತಾರೆ. ಮಳೆ ಬರಲಿಲ್ಲ, ಪುಣ್ಯ. ಗೂಡಿಗೆ ಬೆಂಕಿ ಹಾಕುವ ಮುಂಚೆಯೇ ಈ ಅರ್ಜಿಯ ಬಗ್ಗೆ ನಿಮ್ಮ ವಲಯ ಕಚೇರಿಯಲ್ಲಿ ಕೇಳಿಟ್ಟುಕೊಳ್ಳಿ.

136 ಚೀಲ, 3,400 ಕಿಲೋ. ಕಿಲೋಗೆ 24ರಂತೆ 81,600 ರೂಪಾಯಿ. ಇಷ್ಟು ದುಡ್ಡು ಒಟ್ಟಿಗೇ ಕೈಗೆ ಬಂದಾಗ ಗೆದ್ದೆವು ಅನ್ನಿಸಿತು. ರಾತ್ರಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಕಡಿತ, ಗರಗಸದ ಬಾಡಿಗೆ 14,000. ಸುಟ್ಟವರಿಗೆ 20,400. ಕಾಗದಪತ್ರ 9,500. ಟ್ರ್ಯಾಕ್ಟರ್ 5,000. ಚೀಲ, ಹಗ್ಗ 1,700. ಉಳಿದದ್ದು 31,000. ಅತ್ತೆಯ ಆಸ್ಪತ್ರೆ ಕಳೆದರೆ 19,700. ನಿಂತ ಮರಕ್ಕೆ ವ್ಯಾಪಾರಿ ಹೇಳಿದ್ದು 30,000. ನನ್ನ, ನಮ್ಮನೆಯವರ ದುಡಿಮೆ, ನಿದ್ದೆಗೆಟ್ಟ ರಾತ್ರಿಗಳು ಇದರಲ್ಲಿ ಸೇರಿಲ್ಲ. ಬರೆದ ಹಾಳೆ ನಮ್ಮನೆಯವರ ಮುಂದಿಟ್ಟೆ. ಅವರು ಎರಡು ಸಲ ಕೂಡಿಸಿ ನೋಡಿ, ಏನೂ ಹೇಳದೆ ದೀಪ ಆರಿಸಿದರು.

ಅಣ್ಣ ಅಕ್ಕ ಊರಿಗೆ ಹೋದರು. ಹುಡುಗಿಯ ಚೀಲದಲ್ಲಿ ಟೀಚರ್ ಕೊಟ್ಟ ಎರಡು ಪುಸ್ತಕ ಇದ್ದವು. ಕಣದಲ್ಲಿ ಮೊದಲ ಗೂಡಿನ ಜಾಗ ಇಟ್ಟಿಗೆಯ ಹಾಗೆ ಕೆಂಪಗೆ ಸುಟ್ಟು ದುಂಡಗೆ ಉಳಿದಿದೆ. ಮೊನ್ನೆ ಬಿದ್ದ ಮಳೆಗೆ ಸುತ್ತೆಲ್ಲ ಹುಲ್ಲು ಚಿಗುರಿದೆ, ಅಲ್ಲಿ ಮಾತ್ರ ಇಲ್ಲ. ಗುದ್ದಲಿಯಲ್ಲಿ ಒಡೆದು ಎರಡು ಗಾಡಿ ಗೊಬ್ಬರ ಹಾಕಿದ್ದೇವೆ. ಅಕೇಶಿಯಾ ಕಡಿದ ಜಾಗಕ್ಕೆ ಮತ್ತೆ ಅಕೇಶಿಯಾ ಬೇಡ ಅಂತ ಹಲಸು, ಉಪ್ಪಾಗೆ, ಮುರುಗಲು ಸಸಿ ಹೇಳಿಟ್ಟಿದ್ದೇವೆ.

ನಿನ್ನೆ ಹೊಳೆಯಾಚೆ ಊರಿನಿಂದ ಒಬ್ಬರು ಫೋನ್ ಮಾಡಿ, ಸುಡುವವರ ನಂಬರ್ ಕೊಡಿ ಅಂದರು. ಮನೆಯಲ್ಲಿ ವಯಸ್ಸಾದವರು ಇದ್ದಾರಾ ಅಂತ ಕೇಳಿದೆ. ಅಪ್ಪ ಇದ್ದಾರೆ ಅಂದರು. ನಂಬರ್ ಕೊಡುವ ಮುಂಚೆ ಒಂದು ಸಲ ಬಂದು ಹೋಗಿ, ಪಹಣಿ ಹಿಡಿದುಕೊಂಡು ಬನ್ನಿ ಅಂದಿದ್ದೇನೆ. ಭಾನುವಾರ ಬರುತ್ತಾರೆ. ಲೆಕ್ಕ ಬರೆದ ಆ ಹಾಳೆ ತೆಗೆದಿಟ್ಟಿದ್ದೇನೆ.